ಓರಗೆಯವರ ಮನ್ನಣೆ

ಕಳೆದ ವರ್ಷ ಆಟಿ ತಿಂಗಳ ಒಂದು ಅಪರಾಹ್ನ, ಮಳೆ ತುಸು ಬಿಡುವು ಕೊಟ್ಟಿದ್ದ ಹೊತ್ತಿನಲ್ಲಿ, ನಮ್ಮ ಬರಹಗಾರರ ಬಳಗದ ಮೂವರು ನನ್ನ ಮನೆಯ ಮೆಟ್ಟಿಲೇರಿ ಬಂದರು. ಕೊಡೆಗಳನ್ನು ಜಗಲಿಯ ಮೂಲೆಗೆ ಒರಗಿಸಿ, ಬೆಲ್ಲ ನೀರು ಕುಡಿದು, ಅಡಿಕೆಯ ಕೊಳೆರೋಗದ ಮಾತನ್ನೆಲ್ಲ ಆಡಿ ಮುಗಿಸಿದ ಬಳಿಕ, "ಈ ಸಲದ ಮನ್ನಣೆ ನಿಮಗೆಂದು ನಿಶ್ಚಯವಾಗಿದೆ" ಎಂದರು. "ನಾನೆಲ್ಲಿಯ ಬರಹಗಾರ ಮಾರಾಯರೆ, ಬೇರೆ ಯಾರಿಗಾದರೂ ಕೊಡಿ" ಎಂಬ ಮಾತು ನನ್ನ ಬಾಯಿಂದ ಥಟ್ಟನೆ ಹೊರಟಿತು. ಅವರು ನಕ್ಕರು. ಎಲ್ಲರೂ ಹೀಗೆಯೇ ಹೇಳುತ್ತಾರೆ ಎಂದರು. ಉತ್ತರವನ್ನು ನಾಳೆ ತಿಳಿಸುತ್ತೇನೆಂದು ಹೇಳಿ ಅವರನ್ನು ಬೀಳ್ಕೊಟ್ಟೆ.

ಅವರು ಹೋದ ಮೇಲೆ ನನ್ನ ಮಾತನ್ನೇ ನಾನು ತಿರುವಿ ನೋಡತೊಡಗಿದೆ. 32 ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ತನ್ನದೇ ಉತ್ತರವನ್ನು ತಿದ್ದುವುದು ಅಷ್ಟು ಸುಲಭವಲ್ಲವೆಂದು ಅಂದು ತಿಳಿಯಿತು. ನಾನು ಹೇಳಿದ್ದು ವಿನಯದ ಮಾತೇ? ಅಥವಾ ವಿನಯದ ವೇಷ ತೊಟ್ಟ ಇನ್ನೇನಾದರೂ ಅದರೊಳಗಿತ್ತೇ? ಈ ಲೇಖನ ಆ ಒಂದು ರಾತ್ರಿಯ ವಿಚಾರಣೆಯ ವರದಿ ಎಂದು ಓದುಗರು ತಿಳಿಯಬಹುದು.

ಬಳಗದ ವಿಷಯ ಎರಡು ಮಾತು ಹೇಳಬೇಕು. ಅದಕ್ಕೆ ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಹನ್ನೊಂದು ಮಂದಿ ತಿಂಗಳಿಗೊಮ್ಮೆ ಹಳೆಯ ವಾಚನಾಲಯವೊಂದರ ಜಗಲಿಯಲ್ಲಿ ಸೇರಿ, ತಾವು ಬರೆದುದನ್ನು ಓದುತ್ತೇವೆ, ಕೇಳುತ್ತೇವೆ. ನಿವೃತ್ತ ಅಂಚೆಯವರೊಬ್ಬರು, ಇಬ್ಬರು ಕೃಷಿಕರು, ಒಬ್ಬ ದರ್ಜಿ, ಉಳಿದವರಲ್ಲಿ ಮಾಸ್ತರರೇ ಹೆಚ್ಚು. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣಗಳಲ್ಲಿ ಹೊಗಳುವುದುಂಟಲ್ಲವೆ? ನಮ್ಮ ಜಗಲಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಒಬ್ಬರಿಗೆ ತುಳು, ಒಬ್ಬರಿಗೆ ಹವ್ಯಕ, ಒಬ್ಬರಿಗೆ ಕೊಂಕಣಿ, ಮತ್ತೊಬ್ಬರಿಗೆ ಮಲೆಯಾಳ. ಕಾಗದದ ಮೇಲೆ ಮಾತ್ರ ಎಲ್ಲರಿಗೂ ಕನ್ನಡ. ಆದ್ದರಿಂದ ನಮ್ಮ ಸಂಕೋಚವೂ ಎರಡು ಪಾಲು. ಬರೆಯಲು ಬರುತ್ತದೆಯೇ ಎಂಬ ಸಂಕೋಚ ಒಂದು, ಈ ಭಾಷೆಯ ಮೇಲೆ ನಮಗೆಷ್ಟು ಅಧಿಕಾರವಿದೆ ಎಂಬ ಸಂಕೋಚ ಇನ್ನೊಂದು.

ವರ್ಷಕ್ಕೊಮ್ಮೆ ಬಳಗದವರು ತಮ್ಮಲ್ಲೊಬ್ಬರನ್ನು ಮನ್ನಿಸುವ ರೂಢಿಯಿದೆ. ಶಾಲು, ಹಾರ, ಫಲತಾಂಬೂಲಗಳಿಲ್ಲ. ಒಂದು ಕಟ್ಟು ಬಿಳಿ ಕಾಗದ, ಒಂದು ಪೆನ್ನು. ಅದನ್ನು ಸ್ವೀಕರಿಸಿದವರು ಮುಂದಿನ ವರ್ಷ ಇನ್ನೊಬ್ಬರನ್ನು ತಾವೇ ಆರಿಸಿ, ಯಾಕೆ ಆರಿಸಿದೆನೆಂದು ಎಲ್ಲರೆದುರು ವಿವರಿಸಬೇಕು. ಈ ಎರಡನೆಯ ನಿಯಮ ಯಾರ ತಲೆಯಲ್ಲಿ ಹುಟ್ಟಿತೋ ನೆನಪಿಲ್ಲ; ಆದರೆ ಕಾಗದದ ಕಟ್ಟಿಗಿಂತ ಅದರ ಭಾರ ಹೆಚ್ಚು.

ನಾನು ಬರೆಯುತ್ತಿದ್ದುದು ಸುರಂಗಗಳ ಕುರಿತು. ಹೊರಗಿನ ಓದುಗರಿಗಾಗಿ ಹೇಳುವುದಾದರೆ, ನಮ್ಮ ಗುಡ್ಡಗಳ ಇಳಿಜಾರಿನಲ್ಲಿ ಮುರಕಲ್ಲನ್ನು ಅಡ್ಡವಾಗಿ ಕೊರೆದು, ಒಬ್ಬ ಮನುಷ್ಯ ನುಸುಳುವಷ್ಟು ಅಗಲದ ದಾರಿಯನ್ನು ನೀರಿನ ಒಸರು ಸಿಗುವವರೆಗೆ ಒಳಗೊಳಗೆ ಒಯ್ಯುತ್ತಾರೆ. ಸಿಕ್ಕಿದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ, ಅಲ್ಲಿಂದ ತೋಟಕ್ಕೆ. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. 2005ರಲ್ಲಿ ನಿವೃತ್ತನಾದ ಮೇಲೆ ವೈದ್ಯರು ನಡೆಯಲು ಹೇಳಿದರು. ಸುಮ್ಮನೆ ನಡೆಯುವುದು ಬೇಸರವೆನಿಸಿ ದಾರಿಯಲ್ಲಿ ಸಿಕ್ಕ ಸುರಂಗಗಳನ್ನು ಎಣಿಸತೊಡಗಿದೆ. ಎಣಿಸಿದ್ದನ್ನು ಗುರುತು ಹಾಕಿಕೊಂಡೆ. ಯಾರು ಕೊರೆದದ್ದು, ಯಾವ ಕಾಲದಲ್ಲಿ, ಈಗ ನೀರಿದೆಯೇ ಎಂದೆಲ್ಲ ಕೇಳಿ ಬರೆದೆ. ಹೀಗೆ ಮೂರು ನೋಟುಪುಸ್ತಕ ತುಂಬಿತು. ಬರಹವೆಂದು ನಾನದನ್ನು ಎಂದೂ ಕರೆದಿರಲಿಲ್ಲ. ಯಾರಾದರೂ ಕೇಳಿದರೆ "ಹವ್ಯಾಸ" ಎನ್ನುತ್ತಿದ್ದೆ.

ಈ ಹವ್ಯಾಸವೆಂಬ ಪದದ ಮೇಲೆ ಆ ರಾತ್ರಿ ನನ್ನ ಸಂಶಯ ಮೊದಲು ಹರಿಯಿತು. ಹವ್ಯಾಸಿಗೆ ಸೋಲೆಂಬುದಿಲ್ಲ. ಅವನು ಬರೆದುದರಲ್ಲಿ ತಪ್ಪಿದ್ದರೆ, ಹವ್ಯಾಸಿಯಲ್ಲವೆ, ಪರವಾಗಿಲ್ಲ. ಚೆನ್ನಾಗಿದ್ದರೆ, ಹವ್ಯಾಸಿಯಾಗಿಯೂ ಎಷ್ಟು ಚೆನ್ನಾಗಿ ಬರೆದ! ಎರಡೂ ಕಡೆಯಿಂದ ಲಾಭವೇ. ಪರೀಕ್ಷೆಗೆ ಕುಳಿತುಕೊಳ್ಳದ ವಿದ್ಯಾರ್ಥಿಯೊಬ್ಬ ಪ್ರತಿ ತರಗತಿಯಲ್ಲೂ ಇರುತ್ತಾನೆ. ನಾನು ಬರೆದಿದ್ದರೆ ಪಾಸಾಗುತ್ತಿದ್ದೆ ಎಂದು ಜೀವಮಾನವಿಡೀ ಹೇಳಿಕೊಳ್ಳುವ ಸೌಲಭ್ಯ ಅವನಿಗಿದೆ. ಓರಗೆಯವರು ಮನ್ನಣೆ ಕೊಟ್ಟ ಕ್ಷಣದಲ್ಲಿ ಈ ಸೌಲಭ್ಯ ಹೋಗುತ್ತದೆ. ನಿನ್ನನ್ನು ಓದಿದ್ದೇವೆ, ಇನ್ನು ಮುಂದೆ ನಿನ್ನ ಮಾತಿಗೆ ನೀನು ಹೊಣೆ ಎಂದು ಅವರು ಹೇಳಿದಂತಾಗುತ್ತದೆ. ನನ್ನ ಬಾಯಿಂದ ಥಟ್ಟನೆ ಹೊರಟ ನಿರಾಕರಣೆಯಲ್ಲಿ ಒಂದು ಪಾಲು ವಿನಯವಿದ್ದರೆ, ಮೂರು ಪಾಲು ಈ ಹೊಣೆಯ ಭಯವಿತ್ತು. ವಿನಯವು ಗುಣಗಳ ಪಟ್ಟಿಯಲ್ಲಿ ಸೇರುವುದರಿಂದ ಭಯಕ್ಕೆ ಅದರ ಹೆಸರಿಟ್ಟುಕೊಳ್ಳುವುದು ಅನುಕೂಲ.

ನಮ್ಮ ಪರಂಪರೆ ನನ್ನ ಬೆಂಬಲಕ್ಕೆ ಬಾರದಿರಲಿಲ್ಲ. ಮನುಸ್ಮೃತಿ ಸನ್ಮಾನವನ್ನು ವಿಷದ ಸಾಲಿಗೆ ಸೇರಿಸಿದೆ. ನಿಂದೆ ಸ್ತುತಿಗಳನ್ನು ಒಂದೇ ತೂಕದಲ್ಲಿ ಕಾಣುವವನು ಗೀತೆಗೆ ಪ್ರಿಯ. ತನ್ನವರ ಹೊಗಳಿಕೆಯನ್ನು ಬಸವಣ್ಣನವರು ಹೊನ್ನಿನ ಶೂಲಕ್ಕೆ ಹೋಲಿಸಿದರು. ಇವನ್ನೆಲ್ಲ ನಾನು ತರಗತಿಯಲ್ಲಿ ಪಾಠ ಮಾಡಿದವನೇ. ಆದರೆ ಒಂದು ಸಂಗತಿಯನ್ನು ಪಾಠ ಮಾಡುವಾಗ ಗಮನಿಸಿರಲಿಲ್ಲ. ಈ ಎಚ್ಚರಿಕೆಯ ಮಾತುಗಳನ್ನು ಯಾರು, ಯಾವ ಸ್ಥಿತಿಯಲ್ಲಿದ್ದು ಆಡಿದರು? ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಶರಣ ಸಮೂಹವೇ ಸುತ್ತ ನಿಂತು ಕೊಂಡಾಡುತ್ತಿದ್ದ ಮಹಾನುಭಾವರು. ಅವರಿಗೆ ಆ ಶೂಲದ ಚೂಪು ತಿಳಿದಿತ್ತು. ಮೂರು ನೋಟುಪುಸ್ತಕ ತುಂಬಿಸಿ, ಹನ್ನೊಂದು ಜನರ ಎದುರು ಓದಿದ ನಾನು ಅವರ ಮಾತನ್ನು ಎರವಲು ಪಡೆದು ನಿರಾಕರಿಸುವುದೆಂದರೆ, ಊಟವಿಲ್ಲದವನು ಅಜೀರ್ಣಕ್ಕೆ ಹೆದರಿ ಉಪವಾಸ ಕೂತಂತೆ. ಫ್ರಾನ್ಸಿನ ಸಾರ್ತ್ರ್ 1964ರಲ್ಲಿ ನೊಬೆಲ್ ಬಹುಮಾನವನ್ನೇ ಬೇಡವೆಂದ. ಲೇಖಕನೊಬ್ಬ ತಾನೇ ಒಂದು ಸಂಸ್ಥೆಯಾಗಿಬಿಡಬಾರದೆಂಬುದು ಅವನ ಕಾರಣ. ಅದನ್ನು ಗೌರವಿಸೋಣ. ಅವನು ತೆತ್ತ ಬೆಲೆ ದೊಡ್ಡದು. ಒಂದು ಕಟ್ಟು ಕಾಗದವನ್ನು ಬೇಡವೆಂದು ನಾನೂ ಆ ಸಾಲಿನಲ್ಲಿ ನಿಲ್ಲಲು ಹೊರಟರೆ ಯಾರಿಗಾದರೂ ನಗು ಬಂದೀತು.

ಹಾಗಿದ್ದರೆ ಮನ್ನಣೆಯ ಬಯಕೆ ತಪ್ಪಲ್ಲವೇ? ಶಾಕುಂತಲದ ಆರಂಭದಲ್ಲಿ ಕಾಳಿದಾಸ ತನ್ನ ಸೂತ್ರಧಾರನ ಬಾಯಿಂದ ಹೊರಡಿಸುವ ಒಪ್ಪಿಗೆ ನನಗೆ ಬಹಳ ಪ್ರಿಯವಾದುದು. ಎಷ್ಟೇ ಅಭ್ಯಾಸವಿದ್ದರೂ ತಿಳಿದವರು ತಲೆದೂಗುವ ತನಕ ಕಲಾವಿದನಿಗೆ ತನ್ನ ಮೇಲೆ ತನಗೇ ನಂಬಿಕೆ ಹುಟ್ಟುವುದಿಲ್ಲ ಎಂಬುದು ಅದರ ಆಶಯ. ಕಾಳಿದಾಸನಿಗೇ ಈ ಅಳುಕು ಇದ್ದಮೇಲೆ ನಮ್ಮ ಪಾಡೇನು! ಭವಭೂತಿಯದು ಬೇರೆ ದಾರಿ. ಕಾಲಕ್ಕೆ ಕೊನೆಯಿಲ್ಲ, ಭೂಮಿ ವಿಶಾಲವಾಗಿದೆ, ತನ್ನಂಥದೇ ಮನೋಧರ್ಮದವನು ಎಂದಾದರೂ ಎಲ್ಲಾದರೂ ಹುಟ್ಟಿಬಂದಾನು ಎಂದು ಅವನು ಸಮಾಧಾನ ಹೇಳಿಕೊಂಡ. ಎಳೆಯ ವಯಸ್ಸಿನಲ್ಲಿ ಇದು ನನಗೆ ಮಹಾ ಧೈರ್ಯದ ಮಾತಾಗಿ ಕೇಳಿಸುತ್ತಿತ್ತು. ಈಗ ಅದರಲ್ಲಿ ಒಂದು ಒಂಟಿತನವೂ ಕೇಳಿಸುತ್ತದೆ. ಅವನು ಕಾಯುತ್ತಿದ್ದುದು ರಾಜನಿಗಾಗಿ ಅಲ್ಲ, ತನ್ನ ಸಮಾನಧರ್ಮನಿಗಾಗಿ ಎಂಬುದನ್ನು ಗಮನಿಸಬೇಕು.

ಮೇಲಿನಿಂದ ಇಳಿದುಬರುವ ಬಿರುದು ಬೇರೆ, ಪಕ್ಕದಿಂದ ಬರುವ ಮನ್ನಣೆ ಬೇರೆ. ರನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಚಾಲುಕ್ಯ ಚಕ್ರವರ್ತಿ ತೈಲಪನಿಂದ ಬಂತು. ನಮ್ಮ ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂಬ ಗೌರವವನ್ನಿತ್ತಿತು. ಆಗ ಈ ನೆಲ ಮದ್ರಾಸ್ ಪ್ರಾಂತದಲ್ಲಿತ್ತು. ಅರ್ಹರಿಗೆ ಸಂದ ಗೌರವ ಅದು, ಅನುಮಾನವಿಲ್ಲ. ಆದರೆ ರಾಷ್ಟ್ರಕವಿಯ ಊರಿನವರು ನಾವೆಂದು ಎದೆಯುಬ್ಬಿಸುವ ನಮ್ಮಲ್ಲಿ ಎಷ್ಟು ಮಂದಿ 'ಗೊಲ್ಗೊಥಾ'ವನ್ನು ಮೊದಲಿಂದ ಕೊನೆಯವರೆಗೆ ಓದಿದ್ದೇವೆ? ಬಿರುದು ಎಷ್ಟೋ ಸಲ ಓದಿನ ಜಾಗದಲ್ಲಿ ತಾನು ಕುಳಿತುಬಿಡುತ್ತದೆ. ಪುಸ್ತಕವನ್ನು ತೆರೆಯದೆಯೇ ಕವಿಯನ್ನು ಗೌರವಿಸಿದ ತೃಪ್ತಿ ಅದರಿಂದ ಸಿಗುತ್ತದೆ.

ಓರಗೆಯವರ ಮನ್ನಣೆ ಹೇಗಿರುತ್ತದೆಂದು ತಿಳಿಯಬೇಕಾದರೆ ತಾಳಮದ್ದಳೆಗೆ ಹೋಗಿ ಕುಳಿತುಕೊಳ್ಳಬೇಕು. ಪಾರ್ತಿಸುಬ್ಬನ ಕುಂಬಳೆ ನಮ್ಮ ಮಗ್ಗುಲಲ್ಲೇ ಇದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತನ್ನು ಕೇಳಿ ಬೆಳೆದವರು ನಾವು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ಮುಗಿದೊಡನೆ ಎದುರುಬದುರು ಕುಳಿತ ಇಬ್ಬರು ಅಲ್ಲಿಂದಲ್ಲೇ ಮಾತು ಕಟ್ಟಬೇಕು. ಸಭೆಯ ಚಪ್ಪಾಳೆ ಒಂದು ಚಟಾಕಿಗೂ ಬರುತ್ತದೆ. ಆದರೆ ಎದುರಿನ ಅರ್ಥಧಾರಿ ನಿಮ್ಮ ವಾದವನ್ನು ಪೂರ್ತಿಯಾಗಿ ಕೇಳಿ, ಅದರ ಬಲವಾದ ಎಳೆಯನ್ನೇ ಕೈಗೆತ್ತಿಕೊಂಡು ಖಂಡಿಸಲು ತೊಡಗಿದನೆನ್ನಿ, ನಿಮಗೆ ಸಿಗಬೇಕಾದ ಗೌರವ ಸಿಕ್ಕಿತು. ಅವನು ಹೊಗಳಿರುವುದಿಲ್ಲ. ಸೋಲಿಸಲು ನೋಡುತ್ತಿದ್ದಾನೆ. ಆದರೂ ಅನುಭವಿಯಾದ ಕಲಾವಿದ ಚಪ್ಪಾಳೆಯನ್ನು ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಾನೆ, ಆ ಖಂಡನೆಯನ್ನು ಹತ್ತು ವರ್ಷ ನೆನಪಿಡುತ್ತಾನೆ.

ಇಷ್ಟೆಲ್ಲ ಯೋಚಿಸಿದರೂ ನನ್ನನ್ನು ಹೆಚ್ಚು ಕಾಡಿದ ಸಂಶಯ ಇನ್ನೊಂದಿತ್ತು. ಅದು ಗಡಿನಾಡಿನವರಿಗೆ ಮಾತ್ರ ಅರ್ಥವಾಗುವಂಥದ್ದು. 1956ರ ನವೆಂಬರ್ 1ರಂದು ನಾನು ಏಳು ವರ್ಷದ ಹುಡುಗ. ರಾಜ್ಯ ಬದಲಾಯಿತೆಂದು ಮನೆಯಲ್ಲಿ ಹಿರಿಯರು ತಗ್ಗಿದ ದನಿಯಲ್ಲಿ ಆಡಿಕೊಂಡ ನೆನಪಿದೆ. ಅಂದಿನಿಂದ ಇಂದಿನವರೆಗೆ ನಾವು ಎಣಿಕೆಯ ಜನ. ಕನ್ನಡ ತರಗತಿಯಲ್ಲಿ ಎಷ್ಟು ಮಕ್ಕಳು, ಕನ್ನಡ ಹುದ್ದೆ ಎಷ್ಟು, ಸಭೆಗೆ ಬಂದವರೆಷ್ಟು ಎಂಬ ಎಣಿಕೆಯಲ್ಲೇ ನಮ್ಮ ಆಯುಷ್ಯ ಸವೆದಿದೆ. ಇಂಥಲ್ಲಿ ಒಬ್ಬ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ಸಾಲು ಹೇಗಿದೆ ಎಂದು ಯಾರೂ ಕೇಳುವುದಿಲ್ಲ; ಬರೆದನಲ್ಲ, ಅದೇ ದೊಡ್ಡದು ಎನ್ನುತ್ತಾರೆ. ಪರೀಕ್ಷೆಯ ಭಾಷೆಯಲ್ಲಿ ಇದಕ್ಕೆ ಮಾಡರೇಷನ್ ಅಂಕವೆಂದು ಹೆಸರು. ತೇರ್ಗಡೆಗೆ ಕೊರತೆ ಬಿದ್ದವನಿಗೆ ಮೇಲಿಂದ ಸೇರಿಸಿ ಕೊಡುವ ಅಂಕ. ನನಗೆ ಬಂದದ್ದು ಅಂಥ ಅಂಕವೇ ಆಗಿರಬಾರದೇಕೆ? ಹನ್ನೊಂದು ಮಂದಿಯ ಬಳಗ, ವರ್ಷಕ್ಕೊಬ್ಬರು; ಕಾದು ಕುಳಿತರೆ ಎಲ್ಲರಿಗೂ ಸರದಿ ಬಂದೇ ಬರುತ್ತದೆ. ಬಸ್ಸಿನ ಸೀಟಿನ ಹಾಗೆ.

ಅರ್ಥಶಾಸ್ತ್ರದ ಪಾಠದಲ್ಲಿ ನಾವು ಹೆಸರು ಕೇಳಿದ್ದ ಆಡಂ ಸ್ಮಿತ್ ಅದಕ್ಕೆ ಮೊದಲು, 1759ರಲ್ಲಿ, ನೀತಿಯ ಕುರಿತು ಒಂದು ಗ್ರಂಥ ಬರೆದಿದ್ದ. ಹೊಗಳಿಸಿಕೊಳ್ಳುವ ಆಸೆ ಬೇರೆ, ಹೊಗಳಿಕೆಗೆ ಯೋಗ್ಯನಾಗುವ ಆಸೆ ಬೇರೆ ಎಂದು ಅವನು ಅದರಲ್ಲಿ ವಿಂಗಡಿಸುತ್ತಾನೆ. ಅಲ್ಲಿ ಇನ್ನೊಂದು ಚುರುಕಾದ ಗಮನಿಕೆಯೂ ಇದೆ. ಗಣಿತಜ್ಞರು ಜನರ ಹೊಗಳಿಕೆಯನ್ನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ, ಏಕೆಂದರೆ ತಮ್ಮ ಲೆಕ್ಕ ಸರಿಯೆಂದು ಅವರಿಗೇ ಗೊತ್ತಿರುತ್ತದೆ. ಕವಿಗಳಿಗೆ ಆ ಖಾತ್ರಿ ಇಲ್ಲದ್ದರಿಂದ ಅವರು ಗುಂಪು ಕಟ್ಟಿಕೊಳ್ಳುತ್ತಾರೆ. ಇದನ್ನು ಓದಿದಾಗಲೆಲ್ಲ ನನಗೆ ಗಣಿತವನ್ನೂ ಕವಿತೆಯನ್ನೂ ಒಟ್ಟಿಗೆ ಕಟ್ಟಿಕೊಂಡಿದ್ದ ಒಬ್ಬರ ನೆನಪಾಗುತ್ತದೆ. ಈ ಲೇಖನವನ್ನು ಬರೆಯಲು ಒಪ್ಪಿಕೊಂಡದ್ದೇ ಅವರ ಕಾರಣದಿಂದ.

ಅವರು ನನ್ನ ಸಹೋದ್ಯೋಗಿ. ಹೆಸರು ಹೇಳುವುದಿಲ್ಲ. ಪ್ರೌಢಶಾಲೆಗೆ ಗಣಿತದ ಮಾಸ್ತರರು, ಗುಟ್ಟಾಗಿ ಕವಿತೆ ಬರೆಯುತ್ತಿದ್ದರು. 1994ರಲ್ಲಿ, ನಾನು ಮುಖ್ಯೋಪಾಧ್ಯಾಯನಾದ ಮರುವರ್ಷ, 42 ಕವಿತೆಗಳ ಹಸ್ತಪ್ರತಿಯನ್ನು ಒಂದು ಬಟ್ಟೆಚೀಲದಲ್ಲಿ ತಂದು ನನ್ನ ಮೇಜಿನ ಮೇಲಿಟ್ಟು, ಮುನ್ನುಡಿ ಬರೆದುಕೊಡಬೇಕೆಂದು ಕೇಳಿದರು. ಭವಿಷ್ಯನಿಧಿಯಿಂದ ಸಾಲ ತೆಗೆದು 300 ಪ್ರತಿ ಅಚ್ಚು ಹಾಕಿಸುವವರಿದ್ದರು. ಅದು ಪರೀಕ್ಷೆಯ ಕಾಲ. ನಾನು ಒಂಬತ್ತೋ ಹತ್ತೋ ಕವಿತೆಗಳನ್ನು ಓದಿ, ಉಳಿದವುಗಳ ಶೀರ್ಷಿಕೆ ನೋಡಿ, ಎರಡು ಪುಟದ ಮುನ್ನುಡಿ ಬರೆದುಕೊಟ್ಟೆ. ಅನುಭವದ ದ್ರವ್ಯ, ನವುರಾದ ಸಂವೇದನೆ, ಗಡಿನೆಲದ ಸೊಗಡು. ಇಂಥ ಮಾತುಗಳು ಯಾವ ಸಂಕಲನಕ್ಕೂ ಒಪ್ಪುತ್ತವೆ, ಮದುವೆಮನೆಯ ಬಾಡಿಗೆ ಪಾತ್ರೆಗಳಂತೆ. ಅವುಗಳ ನಡುವೆ ಒಂದು ನಿರ್ದಿಷ್ಟ ವಾಕ್ಯವೂ ಇರಲೆಂದು, ಮನೆಯ ಯಜಮಾನನ ಮೇಲೆ ಬರೆದ ಕವಿತೆಯೊಂದರ ಹೆಸರೆತ್ತಿ, ತಂದೆಯನ್ನು ಕುರಿತ ಈ ರಚನೆ ಸಂಕಲನಕ್ಕೆ ಕಿರೀಟಪ್ರಾಯವಾಗಿದೆ ಎಂದು ಬರೆದೆ.

ಪುಸ್ತಕ ಬಂತು. ಅವರು ಅದನ್ನು ನನಗೆ ಎರಡು ಕೈಯಲ್ಲಿ ಕೊಟ್ಟರು. ಆಮೇಲೆ ಯಾರ ಪರಿಚಯ ಮಾಡಿಸುವಾಗಲೂ "ಇವರೇ ನನ್ನ ಪುಸ್ತಕಕ್ಕೆ ಮುನ್ನುಡಿ ಬರೆದವರು" ಎಂದು ಹೇಳುತ್ತಿದ್ದರು. ಎರಡನೆಯ ಪುಸ್ತಕ ಯಾವಾಗ ಎಂದು ನಾನೇ ಒಂದೆರಡು ಸಲ ಕೇಳಿದ್ದುಂಟು. ನೋಡುವ ಎನ್ನುತ್ತಿದ್ದರು.

2011ರಲ್ಲಿ ಅವರು ತೀರಿಕೊಂಡರು. ಕೆಲವು ತಿಂಗಳ ನಂತರ ಮನೆಯವರು ಅವರ ಪುಸ್ತಕಗಳನ್ನು ವಾಚನಾಲಯಕ್ಕೆ ಕೊಟ್ಟಾಗ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆ ರಾಶಿಯಲ್ಲಿ ಅವರ ಸ್ವಂತ ಪ್ರತಿಯೂ ಇತ್ತು. ತೆರೆದರೆ, ನನ್ನ ಮುನ್ನುಡಿಯಲ್ಲಿ ತಂದೆ ಎಂಬ ಪದವನ್ನು ಪೆನ್ಸಿಲಿನಿಂದ ತೆಳ್ಳಗೆ ಹೊಡೆದು ಅದರ ಮೇಲೆ ಅಣ್ಣ ಎಂದು ಬರೆದಿತ್ತು. ಅಷ್ಟೇ. ಆಶ್ಚರ್ಯಸೂಚಕವಿಲ್ಲ, ಪ್ರಶ್ನಾರ್ಥಕವಿಲ್ಲ. ಲೆಕ್ಕದಲ್ಲಿ ತಪ್ಪಾದ ಒಂದು ಅಂಕಿಯನ್ನು ಸರಿಪಡಿಸಿದಂತೆ. ನಾನು ಅಲ್ಲಿಯೇ ಕುಳಿತು ಆ ಕವಿತೆಯನ್ನು ಮೊದಲ ಬಾರಿಗೆ ಓದಿದೆ. ತಂದೆ ಎಳವೆಯಲ್ಲೇ ತೀರಿಕೊಂಡ ಮನೆಯಲ್ಲಿ, ಆರನೆಯ ತರಗತಿಗೆ ಶಾಲೆ ಬಿಟ್ಟು ತಮ್ಮನನ್ನು ಓದಿಸಿದ ಅಣ್ಣನ ಕುರಿತ ಕವಿತೆ ಅದು. ನಾಲ್ಕನೆಯ ಸಾಲಿಗೆ ಬಂದವನಿಗೆ ಗೊತ್ತಾಗದೆ ಇರಲು ಸಾಧ್ಯವಿಲ್ಲ.

ಕರಡು ತಿದ್ದುವಾಗಲೇ ಅವರಿಗಿದು ತಿಳಿದಿರಬೇಕು. ನನ್ನಲ್ಲಿ ಹೇಳಲಿಲ್ಲ. ಹೇಳಿದರೆ ನಾನು ನಾಚುವೆನೆಂದು ನನ್ನನ್ನು ಉಳಿಸಿದರೋ, ಓದುವವರು ಯಾರೂ ಇಲ್ಲವೆಂಬ ತೀರ್ಮಾನಕ್ಕೆ ಬಂದು ಸುಮ್ಮನಾದರೋ. ಎರಡನೆಯದೇ ನಿಜವಾಗಿದ್ದರೆ, ಒಬ್ಬ ಕವಿಯ ಎರಡನೆಯ ಪುಸ್ತಕವನ್ನು ನನ್ನ ಎರಡು ಪುಟದ ಹೊಗಳಿಕೆ ಕೊಂದಿತು. ಟೀಕೆಯಿಂದ ಬರೆಯುವವರು ಕುಗ್ಗುತ್ತಾರೆಂದು ನಾವು ಹೇಳುತ್ತೇವೆ. ಓದದೆ ಕೊಟ್ಟ ಹೊಗಳಿಕೆ ಮಾಡುವ ಹಾನಿಯ ಲೆಕ್ಕವನ್ನು ಇಡುವವರಿಲ್ಲ. ಟೀಕಿಸಬೇಕಾದರೆ ಒಂದಿಷ್ಟಾದರೂ ಓದಬೇಕು. ಹೊಗಳಲು ಅದರ ಅಗತ್ಯವಿಲ್ಲ. ಗಡಿನಾಡಿನ ಅಭಿಮಾನವೆಂದು ಕರೆಯುತ್ತ, ಹಿಂದೆ ಹೇಳಿದ ಆ ಮಾಡರೇಷನ್ ಅಂಕವನ್ನು ಅಂದು ಹಂಚಿದವನು ನಾನೇ. ಈಗ ಅದೇ ಅಂಕ ನನ್ನ ಪಾಲಿಗೆ ಬಂತೇ ಎಂದು ಅಂಜುತ್ತಿದ್ದೆ. ನ್ಯಾಯವಾದ ಅಂಜಿಕೆ.

ರಾತ್ರಿ ಬಹಳ ಹೊತ್ತಾಗಿತ್ತು. ಬೇಡವೆಂದೇ ನಿಶ್ಚಯಿಸಿ ದೀಪವಾರಿಸಲು ಎದ್ದಾಗ ಆ ಮಧ್ಯಾಹ್ನದ ಇನ್ನೊಂದು ಸಣ್ಣ ಸಂಗತಿ ನೆನಪಿಗೆ ಬಂತು. ಬಂದ ಮೂವರಲ್ಲಿ ಒಬ್ಬರು ಕೃಷಿಕರು, ಎಂಟನೆಯ ತರಗತಿಯವರೆಗೆ ಓದಿದವರು. ಮೆಟ್ಟಿಲಿಳಿಯುವಾಗ ಅವರು ಕೊಡೆ ಬಿಚ್ಚುತ್ತ, "ಆ ಕೋಲಿನ ಲೆಕ್ಕ ಸರಿ ಮಾಡಿದಿರಾ ಮಾಸ್ಟ್ರೇ?" ಎಂದು ಕೇಳಿದ್ದರು.

ಅದರ ಹಿನ್ನೆಲೆ ಹೀಗೆ. ಅದಕ್ಕೆ ಕೆಲವು ತಿಂಗಳ ಹಿಂದೆ ನಾನೊಂದು ಸುರಂಗದ ಕುರಿತು ಓದಿದ್ದೆ. ಕೊರೆಯುವವರು ದೀಪ ಹಿಡಿದು ಒಳಗೆ ಹೋಗುತ್ತಿದ್ದರು, ಒಳಗೆ ಕತ್ತಲಲ್ಲವೆ ಎಂದು ಬರೆದಿದ್ದೆ. ಕತ್ತಲೆ ಬೆಳಕುಗಳ ಮೇಲೆ ಸ್ವಲ್ಪ ಅಲಂಕಾರವನ್ನೂ ಮಾಡಿದ್ದೆ. ಸಭೆ ಮುಗಿದ ಮೇಲೆ ಅವರು ನನ್ನ ಹಾಳೆಯನ್ನು ಕೇಳಿ ಪಡೆದು ಮನೆಗೊಯ್ದು, ಮರುವಾರ ಹಿಂದೆ ತಂದುಕೊಟ್ಟು ಹೇಳಿದರು: "ದೀಪ ಬೆಳಕಿಗೆ ಮಾತ್ರ ಅಲ್ಲ. ಅದು ನಂದಿತೆಂದರೆ ಒಳಗೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ನಮ್ಮಪ್ಪ ಅಗೆಯುವಾಗ ಒಂದು ಕಣ್ಣು ದೀಪದ ಮೇಲೆಯೇ ಇರುತ್ತಿತ್ತು." ಆ ಬಳಿಕ, "38 ಕೋಲು ಉದ್ದವೆಂದು ಬರೆದಿದ್ದೀರಿ. ಒಳಗೆ ಹೋಗಿ ಅಳೆದಿರಾ?" ಎಂದರು. ನಾನು ಅಳೆದಿರಲಿಲ್ಲ. ಮನೆಯವರು ಹೇಳಿದ್ದನ್ನು ಬರೆದಿದ್ದೆ. ಹೇಳಿದರು ಎಂದು ಬರೆಯುವ ಬದಲು ಇದೆ ಎಂದು ಬರೆದಿದ್ದೆ.

ಆಗ ನನಗೆ ಸ್ವಲ್ಪ ಮುಜುಗರವಾಗಿತ್ತು, ಅಷ್ಟೇ. ದೀಪವಾರಿಸಲು ಹೊರಟ ರಾತ್ರಿಯಲ್ಲಿ ಅದರ ಬೆಲೆ ತಿಳಿಯಿತು. ನನ್ನ ಹಾಳೆಯನ್ನು ಒಬ್ಬರು ಮನೆಗೆ ಒಯ್ದಿದ್ದಾರೆ. ತನ್ನ ಅಪ್ಪನ ನೆನಪಿನೊಂದಿಗೆ ಅದನ್ನು ಹೋಲಿಸಿದ್ದಾರೆ. ಒಂದು ಸಂಖ್ಯೆಯ ಮೇಲೆ ಬೆರಳಿಟ್ಟು ಇದು ನಿನ್ನದೋ ಇನ್ನೊಬ್ಬರದೋ ಎಂದು ಕೇಳಿದ್ದಾರೆ. ಭವಭೂತಿ ಕಾಲಾಂತರಕ್ಕೆ ಕಣ್ಣು ನೆಟ್ಟು ಕಾದದ್ದು ಇಂಥ ಒಬ್ಬನಿಗಾಗಿ ಅಲ್ಲವೆ? ನನಗೆ ಅವರು ಬದಿಯ ತೋಟದಲ್ಲೇ ಸಿಕ್ಕಿದ್ದರು. ಓರಗೆಯವರೆಂದರೆ ಯಾರು ಎಂಬ ಪ್ರಶ್ನೆಗೆ ಪದವಿ, ವಯಸ್ಸು, ಪುಸ್ತಕಗಳ ಸಂಖ್ಯೆ ಇವು ಯಾವುದೂ ಉತ್ತರವಲ್ಲ. ನಾನು ಬರೆದ ವಿಷಯವನ್ನು ನನ್ನಷ್ಟೇ, ಇಲ್ಲವೆ ನನಗಿಂತ ಹೆಚ್ಚಾಗಿ ಹಚ್ಚಿಕೊಂಡಿರುವವರು ಓರಗೆಯವರು. ಗಣಿತದ ಮಾಸ್ತರರಿಗೆ ನಾನು ಮುನ್ನುಡಿ ಬರೆದುಕೊಟ್ಟೆ, ಆದರೆ ಓರಗೆಯವನಾಗಲಿಲ್ಲ. ಈ ಕೃಷಿಕರು ನನ್ನನ್ನು ಒಂದು ಸಲವೂ ಹೊಗಳಲಿಲ್ಲ. ಈಗ ಅವರೇ ಮನ್ನಣೆಯ ಸುದ್ದಿ ಹೊತ್ತು ಬಂದಿದ್ದರು. ಬಂದವರು ಲೆಕ್ಕವನ್ನು ಬಿಟ್ಟಿರಲಿಲ್ಲ. ಹಾಗಾಗಿ ಇದು ಮಾಡರೇಷನ್ ಅಂಕವಲ್ಲ ಎಂದು ನನಗೆ ನಂಬಿಕೆಯಾಯಿತು. ಅಂಕ ಕೊಟ್ಟವರು ಉತ್ತರಪತ್ರಿಕೆಯನ್ನು ನಿಜವಾಗಿ ತಿದ್ದಿದ್ದರು.

ಮರುದಿನ ಒಪ್ಪಿಗೆ ಹೇಳಿ ಕಳಿಸಿದೆ. ಆ ವಾರವೇ ಮೊಮ್ಮಗನನ್ನು ಜೊತೆಗಿಟ್ಟುಕೊಂಡು ಹಗ್ಗ, ಟಾರ್ಚು ಹಿಡಿದು ಆ ಸುರಂಗದ ಬಾಯಿಗೆ ಹೋದೆ. ನನ್ನ ಪ್ರಾಯದವನು ಮಳೆಗಾಲದಲ್ಲಿ ಮಾಡಬೇಕಾದ ಕೆಲಸವಲ್ಲವೆಂದು ಮನೆಯಲ್ಲಿ ಬೈಸಿಕೊಂಡದ್ದೂ ಆಯಿತು. ನಾನು ಹದಿನೈದು ಹೆಜ್ಜೆ ಹೋಗಿ ನಿಂತೆ, ಹುಡುಗನನ್ನೂ ಮುಂದೆ ಬಿಡಲಿಲ್ಲ. ಬೇಸಗೆಯಲ್ಲಿ, ನೀರು ಇಳಿದ ಮೇಲೆ, ಆ ಕೃಷಿಕರೇ ಹಗ್ಗದ ಇನ್ನೊಂದು ತುದಿ ಹಿಡಿದು ಒಳಗೆ ಹೋದರು. ಅಳತೆ 31 ಕೋಲು ಬಂತು.

ಮನ್ನಣೆಯ ದಿನ ನನಗೆ ಸಂತೋಷವಾಯಿತೆಂದು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ. ಕಾಗದದ ಕಟ್ಟನ್ನು ಕೈಗೆತ್ತಿಕೊಂಡಾಗ ಕೈ ಸ್ವಲ್ಪ ನಡುಗಿತು. ಪ್ರಾಯದಿಂದ ಎಂದು ಎಲ್ಲರೂ ತಿಳಿದಿರಬೇಕು. ಭಾಷಣ ಮಾಡಲಿಲ್ಲ. ದೀಪದ ಕುರಿತ ಆ ಪುಟವನ್ನು ತಿದ್ದಿ ಬರೆದದ್ದನ್ನೇ ಓದಿದೆ. ಅಲಂಕಾರಗಳನ್ನು ತೆಗೆದದ್ದರಿಂದ ಅದು ಅರ್ಧ ಪುಟಕ್ಕೆ ಇಳಿದಿತ್ತು.

ಈ ವರ್ಷ ಆರಿಸುವ ಸರದಿ ನನ್ನದು. ಬಳಗಕ್ಕೆ ಆರು ತಿಂಗಳ ಹಿಂದೆ ಹೊಸದಾಗಿ ಬಂದವರೊಬ್ಬರಿದ್ದಾರೆ. 30 ವರ್ಷಕ್ಕೂ ಹೆಚ್ಚು ಕಾಲ ಬೀಡಿ ಸುತ್ತಿ ಮಕ್ಕಳನ್ನು ಬೆಳೆಸಿದ ಹೆಣ್ಣುಮಗಳು, ಮನೆಮಾತು ತುಳು. ಎಲೆ ನೆನೆಸುವುದು, ಕತ್ತರಿಸುವುದು, ಕಂಪೆನಿಯ ಡಿಪೋದಲ್ಲಿ ಕಟ್ಟು ತಿರಸ್ಕೃತವಾದ ದಿನ ಮನೆಗೆ ನಡೆದು ಬರುವುದು, ಮಣೆಯ ಸುತ್ತ ಕುಳಿತ ಹೆಂಗಸರು ಆಡಿಕೊಳ್ಳುತ್ತಿದ್ದ ಕಥೆಗಳು, ಇವನ್ನು 60 ಪುಟದ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ನಾನು ಅದನ್ನು ಕೇಳಿ ಪಡೆದು ಎರಡು ಸಲ ಓದಿದೆ. ಕಾಗುಣಿತದ ತಪ್ಪುಗಳಿವೆ, ಅವು ದೊಡ್ಡ ಮಾತಲ್ಲ. ಆದರೆ ಮೂರು ಕಡೆ ನನಗೆ ತಡೆಯಾಯಿತು. ಒಂದು ಕಡೆ ದಿನಕ್ಕೆ ಸುತ್ತಿದ ಬೀಡಿಯ ಲೆಕ್ಕ ಹಿಂದಿನ ಪುಟಕ್ಕೆ ಹೊಂದುವುದಿಲ್ಲ. ಇನ್ನೊಂದು ಕಡೆ, ಗಂಡನ ಕಾಯಿಲೆಯ ವಿಷಯ ತೊಡಗಿ ಒಂದೇ ವಾಕ್ಯಕ್ಕೆ ನಿಲ್ಲಿಸಿದ್ದಾರೆ. ಕೊನೆಯ ಪುಟದಲ್ಲಿ, ಎಲ್ಲೋ ಓದಿದ ದೊಡ್ಡ ಮಾತುಗಳು ಬಂದಿವೆ, ಅವು ಅವರವಲ್ಲ.

ಹೋದ ವಾರ ಅವರ ಮನೆಗೆ ಹೋದೆ. ವಿಷಯ ತಿಳಿಸಿದೊಡನೆ, "ಅಯ್ಯೋ, ನಾನು ಬರೆಯುವವಳೇ ಅಲ್ಲ ಸರ್, ಬೇರೆ ಯಾರಿಗಾದರೂ ಕೊಡಿ" ಎಂದರು. ನಾನು ಏನೂ ಹೇಳದೆ ಆ ಮೂರು ತಡೆಗಳನ್ನು ಬರೆದುಕೊಂಡಿದ್ದ ಚೀಟಿಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಸ್ವಲ್ಪ ಹೊತ್ತು ದೂರದಿಂದಲೇ ನೋಡಿದರು. ಆಮೇಲೆ ಒಳಗೆ ಹೋಗಿ ಕನ್ನಡಕ ತಂದು, ಬಾಗಿಲ ಬೆಳಕಿಗೆ ಸರಿದು ಕುಳಿತು ಓದತೊಡಗಿದರು. ಎರಡನೆಯದಕ್ಕೆ ಬಂದಾಗ ಬೆರಳು ನಿಂತಿತು. "ಅದು ಬೇಕೆಂದೇ ನಿಲ್ಲಿಸಿದ್ದು ಸರ್, ಅದರಿಂದ ಮುಂದೆ ನಾನು ಬರೆಯುವುದಿಲ್ಲ" ಎಂದರು. ನಾನು ಚೀಟಿಯನ್ನು ಹಿಂದೆ ಪಡೆದು, ಆ ಎರಡನೆಯ ಸಾಲನ್ನು ಹೊಡೆದುಹಾಕಿದೆ.